ಆಕಾಶದಿಂದ ಇಳಿದ ಆಸ್ಪತ್ರೆ

ಮಾರ್ಚಿ ತಿಂಗಳ ೨೩ನೆಯ ತಾರೀಖು ಬಂದಿತೆಂದರೆ ನಮ್ಮ ದೇಶದವರಿಗೆ ಲಾಹೋರಿನ ಸೆರೆಮನೆ ನೆನಪಾಗುತ್ತದೆ. ೧೯೩೧ರಲ್ಲಿ ಆ ದಿನ ಭಗತ್ ಸಿಂಗ್, ರಾಜಗುರು, ಸುಖದೇವ ಎಂಬ ಮೂವರು ತರುಣರು ಗಲ್ಲಿಗೇರಿದರು. ವರ್ಷ ವರ್ಷವೂ ಸಭೆಗಳು ಕೂಡುತ್ತವೆ, ಭಾವಚಿತ್ರಗಳಿಗೆ ಮಾಲೆಗಳು ಬೀಳುತ್ತವೆ. ಅದು ತಕ್ಕುದೇ ಸರಿ. ಆದರೆ ಅದೇ ತಾರೀಖಿಗೆ ಸರಿಯಾಗಿ ಇಪ್ಪತ್ತು ವರ್ಷಗಳ ತರುವಾಯ, ೧೯೫೧ರಲ್ಲಿ, ಸ್ವತಂತ್ರ ಭಾರತದ ಹನ್ನೆರಡು ಮಂದಿ ಸೈನಿಕರು ಕೊರಿಯಾ ದೇಶದ ಮುನ್ಸಾನ್ ಎಂಬ ಊರಿನ ಬಯಲಿಗೆ ವಿಮಾನದಿಂದ ಧುಮುಕಿದರೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದ್ದೀತು? ಆ ಹನ್ನೆರಡು ಮಂದಿ ಶತ್ರುವನ್ನು ಸಂಹರಿಸಲು ಧುಮುಕಿದವರಲ್ಲ. ಅವರು ವೈದ್ಯರು ಮತ್ತು ವೈದ್ಯರ ಸಹಾಯಕರು. ಗಾಯಗೊಳ್ಳಲಿದ್ದವರ ಜೊತೆಯಲ್ಲಿಯೇ ಹೋಗಿ, ಅವರು ಬಿದ್ದಲ್ಲಿಯೇ ಅವರನ್ನು ಎತ್ತುವುದಕ್ಕಾಗಿ ಧುಮುಕಿದವರು. ಅರವತ್ತನೆಯ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ಆ ದಳದ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡುವುದು ಇಂದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಫೀಲ್ಡ್ ಆಂಬುಲೆನ್ಸ್ ಎಂದೊಡನೆ ಗಂಟೆ ಬಾರಿಸುತ್ತ ಓಡುವ ಮೋಟಾರುಗಾಡಿಯೊಂದು ಕಣ್ಣಿಗೆ ಕಟ್ಟಬಹುದು. ಹಾಗಲ್ಲ. ಅದು ಶಸ್ತ್ರವೈದ್ಯರು, ಶುಶ್ರೂಷಕರು, ಡೋಲಿ ಹೊರುವವರು, ಔಷಧದ ಉಗ್ರಾಣದವರು ಎಲ್ಲರೂ ಸೇರಿದ ಒಂದು ಸೇನಾದಳ. ಬೆನ್ನ ಮೇಲೆ ಹೊತ್ತು ನಡೆಸಬಹುದಾದ ಒಂದು ಆಸ್ಪತ್ರೆ. ಅದಕ್ಕೆ ಪ್ಯಾರಾಶೂಟಿನ ಅವಶ್ಯಕತೆ ಏಕೆ ಬಂದಿತೆಂಬುದನ್ನು ತಿಳಿಯಬೇಕಾದರೆ ಪ್ಯಾರಾಶೂಟ್ ಪಡೆಯ ಸ್ವರೂಪವನ್ನು ಮೊದಲು ತಿಳಿಯಬೇಕು. ಕಾಲಾಳು ನೆಲದ ಮೇಲೆ ನಡೆಯುತ್ತಾನೆ. ಅವನ ಬೆನ್ನಿಗೆ ಅನ್ನದ ಗಾಡಿ, ಮದ್ದುಗುಂಡಿನ ಗಾಡಿ, ಗಾಯಾಳುಗಳ ಗಾಡಿ ಬರುತ್ತವೆ. ಪ್ಯಾರಾಶೂಟ್ ಸೈನಿಕನಿಗಾದರೋ ಬೆನ್ನಿಗೆ ಯಾರೂ ಇಲ್ಲ. ಸಾವಿರ ಅಡಿಯ ಆಸುಪಾಸಿನಲ್ಲಿ ಹಾರುವ ವಿಮಾನದ ಬಾಗಿಲಿನಿಂದ ಅವನು ಜಿಗಿಯುತ್ತಾನೆ. ವಿಮಾನದೊಳಗಣ ತಂತಿಗೆ ಸಿಕ್ಕಿಸಿದ ಪಟ್ಟಿಯೊಂದು ಅವನ ಛತ್ರಿಯನ್ನು ಬಿಚ್ಚಿಸುತ್ತದೆ. ಒಂದು ನಿಮಿಷದ ಒಳಗಾಗಿ ಅವನು ಶತ್ರುವಿನ ಹಿಂದಣ ನೆಲದಲ್ಲಿರುತ್ತಾನೆ. ಬೀಳುವಾಗಲೇ ಕೆಲವರ ಕಾಲು ಮುರಿಯುವುದುಂಟು. ಬಿದ್ದ ಮೇಲೆ ಗುಂಡು ತಗಲುವುದುಂಟು. ಸ್ವಪಕ್ಷದ ದಂಡು ನೆಲದ ದಾರಿಯಿಂದ ಬಂದು ಕೂಡುವ ತನಕ ಅವನಿಗೆ ದ್ವೀಪದಲ್ಲಿ ಸಿಕ್ಕಿದವನ ಸ್ಥಿತಿ. ದೊಡ್ಡ ಗಾಯವಾದವನ ಅಳಿವು ಉಳಿವುಗಳು ಮೊದಲ ಕೆಲವು ಗಳಿಗೆಗಳಲ್ಲಿಯೇ ನಿಶ್ಚಯವಾಗಿಬಿಡುತ್ತವೆ. ನಾಳೆ ಬರುವ ವೈದ್ಯನು ಅವನ ಪಾಲಿಗೆ ಊಟಕ್ಕಿಲ್ಲದ ಉಪ್ಪಿನಕಾಯಿ. ಆದುದರಿಂದ ವೈದ್ಯನೂ ಧುಮುಕಬೇಕು. ಅವನ ಕತ್ತರಿ, ರಕ್ತದ ಸೀಸೆ, ಪಟ್ಟಿಗಳೂ ಅವನ ಸಂಗಡ ಛತ್ರಿಯಲ್ಲಿಯೇ ಇಳಿಯಬೇಕು. ಇದೇ ಆ ದಳದ ಧರ್ಮ.

ನಮ್ಮ ದೇಶದಲ್ಲಿ ಈ ವಿದ್ಯೆಯ ಆರಂಭವೇ ವೈದ್ಯನಿಂದಾಯಿತೆಂಬುದು ಸ್ವಾರಸ್ಯವಾದ ಸಂಗತಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೧ರ ಅಕ್ಟೋಬರಿನಲ್ಲಿ, ದಿಲ್ಲಿಯಲ್ಲಿ ಐವತ್ತನೆಯ ಪ್ಯಾರಾಶೂಟ್ ಬ್ರಿಗೇಡು ಸ್ಥಾಪಿತವಾಯಿತು. ಬ್ರಿಟಿಷರದೊಂದು, ಭಾರತೀಯರದೊಂದು, ಗೂರ್ಖರದೊಂದು, ಹೀಗೆ ಮೂರು ಪಟಾಲಂಗಳು ಅದರಲ್ಲಿದ್ದವು. ಅದೇ ತಿಂಗಳು ಕರಾಚಿಯಲ್ಲಿ ವಿಮಾನದಿಂದ ಮೊದಲು ಧುಮುಕಿದ ಭಾರತೀಯ ಸೈನಿಕರು ಇಬ್ಬರು: ಒಬ್ಬನು ಹವಾಲ್ದಾರ್ ಮೇಜರ್ ಮಥುರಾ ಸಿಂಗ್; ಇನ್ನೊಬ್ಬರು ಭಾರತೀಯ ಪಟಾಲಮಿನ ವೈದ್ಯಾಧಿಕಾರಿ ಎ. ಜಿ. ರಂಗರಾಜ್. ಪಟಾಲಮಿನ ಸಿಪಾಯಿಗೆ ಧೈರ್ಯ ಹೇಳುವುದಕ್ಕೆ ಮುಂಚೆ ವೈದ್ಯರೇ ಬಾಗಿಲು ದಾಟಿದರು. ಆ ಬ್ರಿಗೇಡು ೧೯೪೪ರ ಮಾರ್ಚಿಯಲ್ಲಿ ಮಣಿಪುರದ ಸಾಂಗ್‌ಶಾಕ್ ಗುಡ್ಡದ ಮೇಲೆ ಜಪಾನಿಯರನ್ನು ಕೆಲವು ದಿನ ತಡೆದು ನಿಲ್ಲಿಸಿ ಅಪಾರವಾದ ನಷ್ಟವನ್ನು ಅನುಭವಿಸಿತು. ಸ್ವಾತಂತ್ರ್ಯಾನಂತರ ಕಾಶ್ಮೀರದಲ್ಲಿ ಅದರ ನಾಯಕರಾಗಿದ್ದ ಬ್ರಿಗೇಡಿಯರ್ ಮಹಮ್ಮದ್ ಉಸ್ಮಾನರು ೧೯೪೮ರ ಜುಲೈ ೩ರಂದು ಝಂಗಡದಲ್ಲಿ ಪ್ರಾಣವನ್ನರ್ಪಿಸಿದರು. ಈ ಪರಂಪರೆಯಲ್ಲಿ ಬೆಳೆದ ವೈದ್ಯದಳವೊಂದಕ್ಕೆ ಆ ಮೊದಲ ಛತ್ರಿಧಾರಿ ರಂಗರಾಜರೇ ಲೆಫ್ಟಿನೆಂಟ್ ಕರ್ನಲ್ ಪದವಿಯಲ್ಲಿ ನಾಯಕರಾಗಿದ್ದರು.

೧೯೫೦ರ ಜೂನ್ ೨೫ರಂದು ಕೊರಿಯಾದಲ್ಲಿ ಯುದ್ಧ ಹೊತ್ತಿಕೊಂಡಿತು. ಆ ತಿಂಗಳು ವಿಶ್ವಸಂಸ್ಥೆಯ ಭದ್ರತಾ ಸಮಿತಿಯ ಅಧ್ಯಕ್ಷಪೀಠದಲ್ಲಿದ್ದವರು ಭಾರತದ ಪ್ರತಿನಿಧಿಗಳಾದ, ನಮ್ಮ ಮಂಗಳೂರಿನ ಬೆನೆಗಲ್ ನರಸಿಂಗ ರಾಯರು. ಆಕ್ರಮಣವನ್ನು ಭಾರತವು ಖಂಡಿಸಿತು. ಆದರೆ ಕಾದಾಡಲು ಸೈನ್ಯವನ್ನು ಕಳುಹಿಸಲು ಒಪ್ಪಲಿಲ್ಲ. ಎರಡು ಮಹಾಶಕ್ತಿಗಳ ಕೂಟಗಳಲ್ಲಿ ಯಾವುದಕ್ಕೂ ಬಾಲವಾಗಬಾರದೆಂಬುದು ಪಂಡಿತ ನೆಹರೂರವರ ನಿಶ್ಚಯವಾಗಿತ್ತು. ಹಾಗಾದರೆ ಮಾಡತಕ್ಕದ್ದೇನು? ಹೆರವರ ಮನೆ ಉರಿಯುವಾಗ ಜಗಲಿಯ ಮೇಲೆ ಕುಳಿತು ನೀತಿ ಹೇಳುವುದೇ? ಬಂದೂಕಿನ ಬದಲಾಗಿ ಔಷಧದ ಪೆಟ್ಟಿಗೆ ಕೊಟ್ಟು, ಭಾರತವು ತನ್ನ ಅರವತ್ತನೆಯ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸನ್ನು ಕಳುಹಿಸಿತು. ಮುನ್ನೂರು ಚಿಲ್ಲರೆ ಮಂದಿಯ ಆ ದಳವು ಅದೇ ವರ್ಷ ನವೆಂಬರ್ ೨೦ರಂದು ಪುಸಾನ್ ಬಂದರಿನಲ್ಲಿ ಇಳಿಯಿತು. ಇತರರು ಪಟಾಲಂಗಳನ್ನು ಕಳುಹಿಸುತ್ತಿರುವಾಗ ಇಷ್ಟು ಮಹಾದೇಶದಿಂದ ಬಂದುದು ಇಷ್ಟೇ ಎಂದು ಯಾರಾದರೂ ಮೂಗು ಮುರಿದಿದ್ದರೆ ಆಶ್ಚರ್ಯವಿಲ್ಲ. ಅದಕ್ಕೆ ಉತ್ತರವನ್ನು ಆ ದಳವು ಬಾಯಿಂದ ಹೇಳಲಿಲ್ಲ.

ಮೊದಲನೆಯ ಉತ್ತರವು ಬಂದ ಹದಿನೈದು ದಿನಗಳೊಳಗೇ ದೊರೆಯಿತು. ದಳವು ಉತ್ತರಕ್ಕೆ ಪಯಣಿಸಿ ಪ್ಯೊಂಗ್‌ಯಾಂಗ್ ನಗರವನ್ನು ಸೇರುವ ಹೊತ್ತಿಗೆ ಚೀನೀ ಸೈನ್ಯವು ಯಾಲು ನದಿಯನ್ನು ದಾಟಿ ಬಂದು ಯುದ್ಧದ ಮುಖವನ್ನೇ ತಿರುಗಿಸಿತ್ತು. ಡಿಸೆಂಬರ್ ಮೊದಲ ವಾರದಲ್ಲಿ ನಗರವನ್ನು ಬಿಟ್ಟು ಹಿಂದೆಗೆಯಬೇಕೆಂದು ಆಜ್ಞೆಯಾಯಿತು. ಸಾಮಾನು ಸಾಗಿಸಲು ಗಾಡಿಗಳಿಲ್ಲ; ಆಸ್ಪತ್ರೆಯ ಉಪಕರಣಗಳನ್ನೆಲ್ಲ ಅಲ್ಲಿಯೇ ಬಿಟ್ಟು ಜೀವ ಉಳಿಸಿಕೊಳ್ಳಿರೆಂಬುದು ಸುಲಭವಾದ ಮಾರ್ಗವಾಗಿತ್ತು. ಆದರೆ ಉಪಕರಣವಿಲ್ಲದ ವೈದ್ಯನು ಎತ್ತಿಲ್ಲದ ಒಕ್ಕಲಿಗನಂತೆ. ನಿಲ್ದಾಣದಲ್ಲಿ ಹಳೆಯ ಉಗಿಯಂತ್ರವೊಂದು, ಕೆಲವು ಡಬ್ಬಿಗಳು ಅನಾಥವಾಗಿ ನಿಂತಿದ್ದವು. ದಳದವರು ಸಾಲಾಗಿ ನಿಂತು ಕೈಯಿಂದ ಕೈಗೆ ಬಕೀಟು ದಾಟಿಸಿ ಯಂತ್ರಕ್ಕೆ ನೀರು ತುಂಬಿದರು; ಸೌದೆ ಕಲ್ಲಿದ್ದಲು ಹುಡುಕಿ ಬೆಂಕಿ ಮಾಡಿದರು; ಯಂತ್ರದ ಪರಿಚಯವಿದ್ದ ತಮ್ಮವರನ್ನೇ ಚಾಲಕರನ್ನಾಗಿ ನಿಲ್ಲಿಸಿದರು. ಆಸ್ಪತ್ರೆಯನ್ನೆಲ್ಲ ಡಬ್ಬಿಗಳಿಗೆ ಏರಿಸಿಕೊಂಡು, ಸೇತುವೆಯನ್ನು ಸಿಡಿಸುವುದಕ್ಕೆ ಸ್ವಲ್ಪ ಮುಂಚೆ ಅದನ್ನು ದಾಟಿ ದಕ್ಷಿಣಕ್ಕೆ ಬಂದರು. ವೈದ್ಯರು ರೈಲು ನಡೆಸಿದ ಈ ವೃತ್ತಾಂತವನ್ನು ಕೇಳಿ ನಗು ಬರಬಹುದು. ಆದರೆ ಆ ದಿನ ಆ ಡಬ್ಬಿಗಳು ಹಿಂದುಳಿದಿದ್ದರೆ ಮುಂದಿನ ಮೂರು ವರ್ಷಗಳಲ್ಲಿ ಬದುಕಿದವರಲ್ಲಿ ಎಷ್ಟೋ ಮಂದಿ ಬದುಕುತ್ತಿರಲಿಲ್ಲವೆಂಬುದನ್ನು ಮರೆಯಲಾಗದು.

ಹಿಂದೆಗೆದು ಬಂದ ಮೇಲೆ ದಳವು ಎರಡು ಪಾಲಾಯಿತು. ಒಂದು ಪಾಲು ರಂಗರಾಜರ ನಾಯಕತ್ವದಲ್ಲಿ ಕಾಮನ್‌ವೆಲ್ತ್ ಬ್ರಿಗೇಡಿನ ಬೆನ್ನಿಗೆ ನಿಂತಿತು. ಇನ್ನೊಂದು ಪಾಲು ಮೇಜರ್ ಎನ್. ಬಿ. ಬ್ಯಾನರ್ಜಿಯವರ ಕೈಕೆಳಗೆ ತೇಗೂ ನಗರದಲ್ಲಿದ್ದು ಕೊರಿಯಾದ ಸೈನಿಕರಿಗೂ, ಮನೆಮಠಗಳನ್ನು ಕಳೆದುಕೊಂಡು ಬಂದ ಸಾಮಾನ್ಯ ಜನರಿಗೂ ಚಿಕಿತ್ಸೆ ಮಾಡಿತು.

ಈಗ ಮುನ್ಸಾನಿನ ವಿಷಯಕ್ಕೆ ಬರೋಣ. ೧೯೫೧ರ ವಸಂತದಲ್ಲಿ ಉತ್ತರದ ಸೈನ್ಯವು ಸಿಯೋಲ್ ನಗರವನ್ನು ಬಿಟ್ಟು ಹಿಂದೆ ಸರಿಯುತ್ತಿತ್ತು. ಅದರ ದಾರಿಯನ್ನು ಕಡಿಯುವ ಉದ್ದೇಶದಿಂದ, ನಗರದ ವಾಯವ್ಯಕ್ಕಿರುವ ಮುನ್ಸಾನಿನ ಬಳಿ ಅಮೆರಿಕದ ೧೮೭ನೆಯ ವಾಯುಪಡೆಯ ದಳವನ್ನು ಇಳಿಸಲು ಯೋಜನೆಯಾಯಿತು. ಮಾರ್ಚಿ ೨೩ರಂದು ತೇಗೂ ವಿಮಾನ ನಿಲ್ದಾಣದಿಂದ ಹೊರಟ ಮೂರು ಸಾವಿರಕ್ಕೂ ಮಿಕ್ಕಿದ ಸೈನಿಕರ ಸಂಗಡ ರಂಗರಾಜರೂ ಅವರ ಹನ್ನೊಂದು ಮಂದಿ ಸಂಗಾತಿಗಳೂ ಧುಮುಕಿದರು. ಯುದ್ಧದೃಷ್ಟಿಯಿಂದ ನೋಡಿದರೆ ಆ ಸಾಹಸಕ್ಕೆ ನಿರೀಕ್ಷಿಸಿದ ಫಲ ದೊರೆಯಲಿಲ್ಲ. ಶತ್ರುವಿನ ಬಹುಭಾಗವು ಅಷ್ಟರಲ್ಲಿ ಕೈಜಾರಿ ಹೋಗಿತ್ತು. ಕೆಲವು ವಿಮಾನಗಳು ತಪ್ಪು ಬಯಲಿನ ಮೇಲೆ ಸೈನಿಕರನ್ನಿಳಿಸಿದವು. ಅನಂತರ ಪಡೆಯು ಪೂರ್ವಕ್ಕೆ ತಿರುಗಿ ಮಳೆಕೆಸರುಗಳಲ್ಲಿ ಗುಡ್ಡಗಳಿಗಾಗಿ ಹೋರಾಡಬೇಕಾಯಿತು. ಸೇನಾಪತಿಗಳ ಲೆಕ್ಕ ಹೀಗೆ ತಪ್ಪಬಹುದು. ಗಾಯಾಳುವಿನ ಲೆಕ್ಕ ತಪ್ಪುವುದಿಲ್ಲ. ಎಲುಬು ಮುರಿದವನಿಗೂ ಹೊಟ್ಟೆಗೆ ಗುಂಡು ತಗುಲಿದವನಿಗೂ ಯೋಜನೆಯ ಜಯಾಪಜಯಗಳಿಂದ ಪ್ರಯೋಜನವೇನು? ಅವನಿಗೆ ಬೇಕಾದುದು ಒಂದು ಜೊತೆ ನುರಿತ ಕೈಗಳು. ಆ ಕೈಗಳು ಅವನ ಸಂಗಡವೇ ಆಕಾಶದಿಂದ ಇಳಿದು ಬಂದಿದ್ದವು. ರಾಮಾಯಣದ ಆಂಜನೇಯನು ಸಂಜೀವಿನಿಗಾಗಿ ಪರ್ವತವನ್ನೇ ಆಕಾಶಮಾರ್ಗದಲ್ಲಿ ತಂದನೆಂದು ಪಾಠಶಾಲೆಯಲ್ಲಿ ಓದಿದ ನಮಗೆ ಈ ದೃಶ್ಯವು ಅಪರಿಚಿತವೆಂದು ತೋರುವುದಿಲ್ಲ. ಅಲ್ಲಿ ಪರ್ವತವು ವೈದ್ಯನಿದ್ದೆಡೆಗೆ ಬಂದಿತು. ಇಲ್ಲಿ ವೈದ್ಯನೇ ಪರ್ವತವನ್ನು ಬೆನ್ನಿಗೆ ಕಟ್ಟಿಕೊಂಡು ಬಂದನು.

ಒಂದು ದಿನದ ಈ ಜಿಗಿತವನ್ನು ಹೊಗಳಿ ಉಳಿದ ಸಾವಿರ ದಿನಗಳನ್ನು ಮರೆತರೆ ಅನ್ಯಾಯವಾದೀತು. ಅದೇ ವರ್ಷ ಏಪ್ರಿಲಿನಲ್ಲಿ ಕಾಪ್ಯೊಂಗ್ ಕಣಿವೆಯಲ್ಲಿ ಕಾಮನ್‌ವೆಲ್ತ್ ಬ್ರಿಗೇಡು ಚೀನೀ ಸೈನ್ಯವನ್ನು ತಡೆದಾಗಲೂ, ಅಕ್ಟೋಬರಿನಲ್ಲಿ ಕಾಮನ್‌ವೆಲ್ತ್ ಡಿವಿಜನ್ನು ಗುಡ್ಡಗಳ ಮೇಲೆ ದಾಳಿಯಿಟ್ಟಾಗಲೂ ಗಾಯಾಳುಗಳನ್ನು ಕೆಳಗಿಳಿಸುವ ಭಾರವು ಈ ದಳದವರ ಹೆಗಲಿನ ಮೇಲಿತ್ತು. ಹೆಗಲೆಂಬುದು ಇಲ್ಲಿ ಅಲಂಕಾರದ ಮಾತಲ್ಲ. ಗುಡ್ಡದ ಕಾಲುದಾರಿಗೆ ಮೋಟಾರು ಬರುವುದಿಲ್ಲ. ಡೋಲಿಯನ್ನು ಮನುಷ್ಯರೇ ಹೊರಬೇಕು. ಹೊತ್ತವರ ಎರಡು ಕೈಗಳಿಗೂ ಬೇರೆ ಕೆಲಸವಿಲ್ಲದುದರಿಂದ, ಗುಂಡು ಬರುವಾಗ ಅವರು ಬಗ್ಗಿ ಅಡಗುವಂತೆಯೂ ಇಲ್ಲ. ದಳದವರು ಹಲವರು ಗಾಯಗೊಂಡರು, ಕೆಲವರು ಪ್ರಾಣವನ್ನೇ ತೆತ್ತರು. ೧೯೫೪ರ ಫೆಬ್ರವರಿಯಲ್ಲಿ ಹಿಂದಿರುಗುವ ತನಕ ಸುಮಾರು ಎರಡು ಲಕ್ಷ ರೋಗಿಗಳೂ ಗಾಯಾಳುಗಳೂ ಅವರ ಕೈಯಿಂದ ಹಾದುಹೋದರು. ಎರಡು ಸಾವಿರಕ್ಕೂ ಮಿಕ್ಕಿ ಶಸ್ತ್ರಚಿಕಿತ್ಸೆಗಳು ಡೇರೆಗಳಲ್ಲಿ ನಡೆದವು. ರಂಗರಾಜರಿಗೂ ಬ್ಯಾನರ್ಜಿಯವರಿಗೂ ಮಹಾವೀರ ಚಕ್ರವು ದೊರೆಯಿತು. ೧೯೫೫ರಲ್ಲಿ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ಈ ದಳಕ್ಕೆ ರಾಷ್ಟ್ರಪತಿಗಳ ಟ್ರೋಫಿಯನ್ನು ಕೊಟ್ಟು ಗೌರವಿಸಿದರು. ಪುಸಾನಿನಲ್ಲಿ ಯುದ್ಧಕಾಲದ ವೈದ್ಯಕೀಯ ಸಹಾಯದ ಸ್ಮಾರಕವೊಂದು ೧೯೭೬ರಿಂದ ನಿಂತಿದೆ. ಅದರಲ್ಲಿ ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಇಟಲಿಗಳ ಸಂಗಡ ಭಾರತದ ಹೆಸರೂ ಇದೆ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಭಾರತವು ಯುದ್ಧದಲ್ಲಿ ಸೇರುವುದಿಲ್ಲವೆಂದು ಹೇಳಿ, ಒಂದು ಪಕ್ಷದ ಆಕ್ರಮಣದ ವಿಮಾನಗಳಲ್ಲಿಯೇ ತನ್ನ ಸೈನಿಕರನ್ನು ಕೂರಿಸಿದುದು ತಟಸ್ಥತೆಗೆ ಒಪ್ಪುತ್ತದೆಯೇ ಎಂದು ಕೇಳುವವರು ಇರಬಹುದು. ಪ್ರಶ್ನೆ ಅಸಂಗತವಲ್ಲ. ಆದರೆ ವೈದ್ಯನು ಹೋಗತಕ್ಕ ಸ್ಥಳವನ್ನು ಗೊತ್ತುಮಾಡುವುದು ರಾಜನೀತಿಯಲ್ಲ, ಗಾಯ. ಗುಂಡು ಬೀಳದ ಊರಿನಲ್ಲಿ ಡೇರೆ ಹಾಕಿಕೊಂಡು, ಬಂದವರಿಗೆ ಮಾತ್ರ ಪಟ್ಟಿ ಕಟ್ಟಿ ಕಳುಹಿಸಿದ್ದರೆ ತಟಸ್ಥತೆಗೆ ಕುಂದು ಬರುತ್ತಿರಲಿಲ್ಲ; ಸೇವೆಗೆ ಬರುತ್ತಿತ್ತು. ತಟಸ್ಥನೆಂದರೆ ದಡದಲ್ಲಿ ನಿಂತವನೆಂದು ಅರ್ಥ. ದಡದಲ್ಲಿ ನಿಂತವನು ಮುಳುಗುವವನಿಗೆ ಕೈ ನೀಡಬಾರದೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಕೈ ನೀಡುವಾಗ ತಾನೂ ಒದ್ದೆಯಾಗುವೆನೆಂದು ಹೆದರಿದರೆ ದಡದಲ್ಲಿ ನಿಂತುದಕ್ಕೆ ಸಾರ್ಥಕವೇನು? ಭಾರತದ ಮಾತಿಗೆ ಕೊರಿಯಾದ ವಿಷಯದಲ್ಲಿ ಮುಂದೆ ಬೆಲೆ ಬಂದುದಕ್ಕೆ ಈ ಒದ್ದೆಯಾದ ಕೈಗಳೂ ಒಂದು ಕಾರಣವೆಂದು ನಾವು ನಂಬುತ್ತೇವೆ. ೧೯೫೩ರ ಜುಲೈ ೨೭ರಂದು ಕದನವಿರಾಮವಾದ ಮೇಲೆ, ತಮ್ಮ ದೇಶಗಳಿಗೆ ಹಿಂದಿರುಗಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕಿದ ಯುದ್ಧಕೈದಿಗಳ ಭವಿಷ್ಯವನ್ನು ತೀರ್ಮಾನಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ನಿಂತವರು ಕೊಡಗಿನ ಜನರಲ್ ತಿಮ್ಮಯ್ಯನವರು. ಆ ಕೈದಿಗಳನ್ನು ಕಾಯಲು ಬಂದ ಭಾರತೀಯ ಪಡೆಯ ಸಂಗಡ ನಮ್ಮ ವೈದ್ಯದಳವೂ ಸೇರಿಕೊಂಡಿತು. ಕೊರಿಯಾದ ಈ ಕಥೆಯ ಆದಿಯಲ್ಲಿ ಮಂಗಳೂರಿನವರೊಬ್ಬರು, ಅಂತ್ಯದಲ್ಲಿ ಕೊಡಗಿನವರೊಬ್ಬರು ಇದ್ದರೆಂಬುದು ಕನ್ನಡನಾಡಿಗೆ ಅಭಿಮಾನದ ಸಂಗತಿಯಲ್ಲವೇ?

ಈ ಮಾರ್ಗವು ಭಾರತಕ್ಕೆ ೧೯೫೦ರಲ್ಲಿ ಹೊಸದಾಗಿ ಹೊಳೆದುದೂ ಅಲ್ಲ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ತರುಣ ಬ್ಯಾರಿಸ್ಟರ್ ಗಾಂಧಿಯವರು ಸುಮಾರು ೧,೧೦೦ ಮಂದಿ ಭಾರತೀಯರನ್ನು ಕೂಡಿಸಿ ಡೋಲಿಪಡೆಯೊಂದನ್ನು ಕಟ್ಟಿದರು. ಗಾಯಾಳುಗಳನ್ನು ಹೊತ್ತು ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಮೈಲಿ ನಡೆದ ದಿನಗಳೂ ಇದ್ದವು. ೧೯೩೮ರಲ್ಲಿ, ನಾವಿನ್ನೂ ಪಾರತಂತ್ರ್ಯದಲ್ಲಿದ್ದಾಗಲೇ, ಜಪಾನಿನ ದಾಳಿಗೆ ತುತ್ತಾದ ಚೀನಾ ದೇಶಕ್ಕೆ ರಾಷ್ಟ್ರೀಯ ಕಾಂಗ್ರೆಸ್ಸು ಐವರು ವೈದ್ಯರನ್ನು ಕಳುಹಿಸಿತು. ಅವರಲ್ಲಿ ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು ೧೯೪೨ರಲ್ಲಿ ಅಲ್ಲಿಯೇ ಮೃತರಾದರು. ಅಂದು ಚೀನೀ ಸೈನಿಕನಿಗೆ ಚಿಕಿತ್ಸೆ ಮಾಡಿದ ದೇಶವೇ ಕೊರಿಯಾದಲ್ಲಿ ಚೀನೀ ಗುಂಡು ತಗುಲಿದವನಿಗೆ ಚಿಕಿತ್ಸೆ ಮಾಡಿತು. ಗಾಯವು ಯಾವ ಪಕ್ಷದ್ದೆಂದು ನಾವು ಅಂದೂ ಕೇಳಲಿಲ್ಲ, ಅನಂತರವೂ ಕೇಳಲಿಲ್ಲ.

ದಳವು ಇಂದಿಗೂ ಆಗ್ರಾದಲ್ಲಿದೆ. ಫೀಲ್ಡ್ ಆಸ್ಪತ್ರೆಯೆಂದು ಅದರ ಹೆಸರು ಬದಲಾಗಿದೆ, ಕೆಲಸ ಬದಲಾಗಿಲ್ಲ. ೨೦೨೩ರ ಫೆಬ್ರವರಿಯಲ್ಲಿ ತುರ್ಕಿಯಲ್ಲಿ ಭೂಕಂಪವಾದಾಗ ಅದರ ೯೯ ಮಂದಿ ವಿಮಾನದಲ್ಲಿ ಹೋಗಿ, ಇಸ್ಕೆಂದೆರೂನ್ ಪಟ್ಟಣದಲ್ಲಿ ಮೂವತ್ತು ಹಾಸಿಗೆಗಳ ಆಸ್ಪತ್ರೆಯನ್ನು ತೆರೆದು ಸಾವಿರಾರು ಮಂದಿಗೆ ಚಿಕಿತ್ಸೆ ನೀಡಿದರು. ೨೦೨೫ರ ಮಾರ್ಚಿಯಲ್ಲಿ ಬರ್ಮಾದ ನೆಲ ನಡುಗಿದಾಗ ಆಗ್ರಾದ ವಾಯುಪಡೆ ಬ್ರಿಗೇಡಿನ ವೈದ್ಯರು ಮಂಡಾಲೆಗೆ ಧಾವಿಸಿದರು. ಈ ಸಲ ಛತ್ರಿ ಕಟ್ಟಿಕೊಂಡು ಧುಮುಕುವ ಪ್ರಸಂಗ ಬರಲಿಲ್ಲ. ಆದರೆ ಗಂಟೆಗಳೊಳಗೆ ಗಂಟು ಕಟ್ಟಿ ಹೊರಡುವ ಅಭ್ಯಾಸವು ಧುಮುಕುವುದನ್ನು ಕಲಿತ ದಳಕ್ಕಲ್ಲದೆ ಇನ್ನಾರಿಗೆ ಬಂದೀತು?

ಕಡೆಯದಾಗಿ ನಮ್ಮ ನಾಡಿನ ಮಾತೊಂದು. ಪ್ಯಾರಾಶೂಟ್ ರೆಜಿಮೆಂಟಿನ ಶಿಕ್ಷಣಕೇಂದ್ರವು ೧೯೯೨ರಿಂದ ಬೆಂಗಳೂರಿನಲ್ಲಿದೆ. ಕೆಂಗಂದು ಬಣ್ಣದ ಟೋಪಿಯ ಆ ತರುಣರನ್ನು ರಾಜಧಾನಿಯ ಬೀದಿಗಳಲ್ಲಿ ಕಂಡಾಗ ನಮ್ಮ ಮಕ್ಕಳು ಅವರ ಬಂದೂಕನ್ನು ನೋಡಿ ಬೆರಗಾಗುತ್ತಾರೆ. ಅದೇ ಬಣ್ಣದ ಟೋಪಿಯನ್ನು ಧರಿಸಿ ಡೋಲಿ ಹೊತ್ತವರ ಕಥೆಯನ್ನೂ ಆ ಮಕ್ಕಳಿಗೆ ಹೇಳತಕ್ಕದ್ದು ಉಪಾಧ್ಯಾಯರ ಹೊಣೆ. ಆದರೆ ಕಥೆ ಹೇಳಿದರೆ ಸಾಲದು. ಗಾಯಾಳುವಿನ ಬಳಿಗೆ ಹೊತ್ತು ಮೀರುವ ಮುನ್ನ ಹೋಗಿ ಮುಟ್ಟುವುದೇ ಈ ದಳದ ಚರಿತ್ರೆಯ ಸಾರವಾದರೆ, ಆ ಸಾರವನ್ನು ನಮ್ಮ ಊರುಗಳ ರಸ್ತೆಗಳಲ್ಲಿ ಹುಡುಕಬೇಕು. ಅಲ್ಲಿ ಕಾಣುವುದೇನು? ಮೋಟಾರಿಗೆ ಸಿಕ್ಕಿ ಬಿದ್ದವನ ಸುತ್ತಲೂ ಜನರು ನೆರೆಯುತ್ತಾರೆ. ಕೈಯಲ್ಲಿ ಟೆಲಿಫೋನು ಹಿಡಿದು ಚಿತ್ರ ತೆಗೆಯುವವರು ಹತ್ತು ಮಂದಿ. ಎತ್ತಿ ಗಾಡಿಗೆ ಹಾಕುವವನು ಒಬ್ಬನೂ ಮುಂದೆ ಬಾರದ ಪ್ರಸಂಗಗಳುಂಟು. ನಿಷ್ಕರುಣೆಯಿಂದಲ್ಲ, ಭಯದಿಂದ. ಠಾಣೆಗೆ ಕರೆಯುವರು, ಸಾಕ್ಷಿಗೆ ಎಳೆಯುವರು, ಆಸ್ಪತ್ರೆಯವರು ಹಣ ಕೇಳುವರು ಎಂಬ ಭಯದಿಂದ.

ಈ ಭಯಕ್ಕೆ ಇಂದು ಶಾಸನದಲ್ಲಿ ಆಧಾರವಿಲ್ಲ. ಗಾಯಾಳುವಿಗೆ ನೆರವಾದವನನ್ನು ಪೀಡಿಸಕೂಡದೆಂದು ಕರ್ನಾಟಕವು ೨೦೧೬ರಲ್ಲಿಯೇ ಶಾಸನವನ್ನು ರಚಿಸಿತು. ೨೦೧೯ರಲ್ಲಿ ಮೋಟಾರು ವಾಹನಗಳ ಶಾಸನಕ್ಕೆ ಆದ ತಿದ್ದುಪಡಿಯಿಂದ ಇಡೀ ದೇಶಕ್ಕೆ ಆ ರಕ್ಷಣೆ ಬಂದಿತು. ಆದರೆ ಕಾಗದದ ಮೇಲಣ ಅಭಯವು ಠಾಣೆಯ ಮೆಟ್ಟಿಲನ್ನೂ ಆಸ್ಪತ್ರೆಯ ಹೊಸ್ತಿಲನ್ನೂ ದಾಟಿದೆಯೇ ಎಂಬುದೇ ಪ್ರಶ್ನೆ. ಈ ಅಂಕಣವನ್ನು ಓದುವ ಅಧಿಕಾರಿ ಮಹಾಶಯರು ಹಲವರಿದ್ದಾರೆ. ಅವರಲ್ಲಿ ನಮ್ಮ ವಿಜ್ಞಾಪನೆ ಇಷ್ಟು: ಪ್ರತಿಯೊಂದು ಠಾಣೆಯಲ್ಲಿಯೂ ಆಸ್ಪತ್ರೆಯಲ್ಲಿಯೂ ಈ ಅಭಯವನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಯಿಸಿ ತೂಗುಹಾಕಿಸಿರಿ, ಗಾಯಾಳುವನ್ನು ತಂದವನಿಗೆ ಮೊದಲು ಕುಡಿಯಲು ನೀರು ಕೊಡಿಸಿರಿ, ಅವನ ಹೆಸರನ್ನು ಅವನು ತಾನಾಗಿ ಹೇಳಿದರೆ ಮಾತ್ರ ಬರೆದುಕೊಳ್ಳಿರಿ, ಪ್ರೌಢಶಾಲೆಯ ಹುಡುಗ ಹುಡುಗಿಯರೆಲ್ಲರಿಗೂ ರಕ್ತ ನಿಲ್ಲಿಸುವುದನ್ನೂ ಮುರಿದ ಎಲುಬಿಗೆ ದಬ್ಬೆ ಕಟ್ಟುವುದನ್ನೂ ಕಲಿಸಿರಿ. ಇದಕ್ಕೆ ಹೆಚ್ಚಿನ ಹಣ ಬೇಡ, ಹೊಸ ಇಲಾಖೆ ಬೇಡ.

ಮುನ್ಸಾನಿನ ಬಯಲಿಗೆ ಧುಮುಕಿದವರಿಗೆ ಅಲ್ಲಿ ಬಿದ್ದವರು ನೆಂಟರಲ್ಲ, ನಾಡಿನವರಲ್ಲ, ಭಾಷೆ ಬಲ್ಲವರೂ ಅಲ್ಲ. ಆದರೂ ಅವರು ವಿಮಾನದ ಬಾಗಿಲನ್ನು ದಾಟಿದರು. ನಮ್ಮ ರಸ್ತೆಯಲ್ಲಿ ಬಿದ್ದವನು ನಮ್ಮ ಊರಿನವನು; ಅವನಿಗೂ ನಮಗೂ ನಡುವೆ ಇರುವುದು ಸಾವಿರ ಅಡಿ ಆಕಾಶವಲ್ಲ, ನಾಲ್ಕು ಹೆಜ್ಜೆ ನೆಲ. ಅಷ್ಟನ್ನು ದಾಟಲು ಛತ್ರಿ ಬೇಕಾಗಿಲ್ಲ.